ಬಿಸಿಯಾಗುವ ಫೋನು, ಪವರ್ ಬ್ಯಾಂಕುಗಳ ರೀಕಾಲ್: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಟರಿ ಬಿಸಿಯಾಗಿ ಬೆಂಕಿ ಹತ್ತಬಹುದು ಎಂದು ಯಾವುದೋ ಕಂಪನಿ ತನ್ನ ಮಾಲನ್ನು ವಾಪಸ್ ಕರೆಸಿಕೊಳ್ಳುವ (ಇದನ್ನೇ ರೀಕಾಲ್ ಎನ್ನುವುದು) ಸುದ್ದಿ ಬಂದಾಗಲೆಲ್ಲ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬರುವವರು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅವರಲ್ಲಿ ತೋಟದ ಮಾಲೀಕರು, ಲೈನ್ ಮನೆಯವರು (ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರು), ಹೋಂಸ್ಟೇಯವರು, ಮಿಲಿಟರಿಯಿಂದ ನಿವೃತ್ತರಾದವರು, ದುಬೈಯಿಂದ ರಜೆಗೆ ಬಂದವರು ಎಲ್ಲರೂ ಇದ್ದಾರೆ. ಹೇಳಿದ್ದನ್ನೇ ಮತ್ತೆ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನ ಫೋನು ಚೆನ್ನಾಗಿಯೇ ನಡೀತಾ ಇದೆ, ಬಿಸಿಯೂ ಆಗಿಲ್ಲ. ಮತ್ತೆ ಯಾಕೆ ವಾಪಸ್ ಕೊಡಬೇಕು?

ಎಲ್ಲರ ಮೊದಲ ಪ್ರಶ್ನೆ ಇದೇ. ನಿಜ ಹೇಳಬೇಕೆಂದರೆ ನಿಮ್ಮ ಕೈಯಲ್ಲಿರುವ ಆ ಒಂದು ಫೋನು ಹೊತ್ತಿಕೊಳ್ಳುವ ಸಾಧ್ಯತೆ ತೀರಾ ಕಡಿಮೆ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ವಾಪಸ್ ಕರೆಸಿಕೊಂಡಾಗ ಅಮೆರಿಕ ಒಂದರಲ್ಲೇ ಸುಮಾರು 19 ಲಕ್ಷ ಫೋನು ಪಟ್ಟಿಯಲ್ಲಿದ್ದವು. ಅಕ್ಟೋಬರ್ ಹೊತ್ತಿಗೆ ಅಲ್ಲಿ ಬ್ಯಾಟರಿ ವಿಪರೀತ ಬಿಸಿಯಾದ ಬಗ್ಗೆ ದಾಖಲಾಗಿದ್ದ ದೂರು 96, ಸುಟ್ಟಗಾಯದ ದೂರು 13.

ಆದರೆ ಆ 96ರಲ್ಲಿ ನಿಮ್ಮದೂ ಒಂದಾ ಅಂತ ಮೊದಲೇ ಹೇಳುವ ಉಪಾಯ ಯಾರ ಬಳಿಯೂ ಇಲ್ಲ, ಕಂಪನಿಯ ಬಳಿಯೂ ಇಲ್ಲ. ಲಿಥಿಯಂ ಬ್ಯಾಟರಿಯೊಳಗೆ ಎರಡು ತೆಳು ಹಾಳೆಗಳು, ಅವು ಒಂದಕ್ಕೊಂದು ತಾಗದ ಹಾಗೆ ನಡುವೆ ಪ್ಲಾಸ್ಟಿಕ್ಕಿನ ಪೊರೆ, ಸುತ್ತ ಬೇಗ ಹೊತ್ತಿಕೊಳ್ಳುವ ದ್ರವ. ಪೊರೆ ಎಲ್ಲಾದರೂ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಆ ಬಿಸಿಗೆ ಪಕ್ಕದ ಭಾಗವೂ ಕಾಯುತ್ತದೆ, ಅದರಿಂದ ಬಿಸಿ ಇನ್ನೂ ಏರುತ್ತದೆ. ಶುರುವಾದ ಮೇಲೆ ಪ್ಲಗ್ ಕಿತ್ತರೂ ನಿಲ್ಲುವುದಿಲ್ಲ. ನೋಟ್ 7ರ ಒಂದು ಬಗೆಯ ಬ್ಯಾಟರಿಯಲ್ಲಿ ಮೇಲಿನ ಬಲಮೂಲೆಯ ಹಾಳೆ ಬಗ್ಗಿತ್ತು, ಇನ್ನೊಂದು ಬಗೆಯದರಲ್ಲಿ ಬೆಸುಗೆ ಹಾಕಿದ ಕಡೆ ಚೂಪಾದ ಮೊನೆ ಉಳಿದಿತ್ತು. ಇದೆಲ್ಲ ಹೊರಗಿನಿಂದ ಕಾಣುವುದಿಲ್ಲ. ಹೊತ್ತಿಕೊಂಡ ಫೋನುಗಳಲ್ಲಿ ಎಷ್ಟೋ ಹಿಂದಿನ ದಿನದವರೆಗೂ ಚೆನ್ನಾಗಿಯೇ ನಡೆಯುತ್ತಿದ್ದವು.

ನಮ್ಮ ಕಡೆ ಮನೆಗಳನ್ನೂ ಸ್ವಲ್ಪ ನೋಡಿ. ಎಷ್ಟೋ ಹಳೆ ಮನೆಗಳಿಗೆ ಈಗಲೂ ಮರದ ಅಟ್ಟ ಇದೆ. ಕೊಯ್ಲು ಮುಗಿದ ಮೇಲೆ ಕಾಫಿ, ಕರಿಮೆಣಸಿನ ಗೋಣಿ ಮನೆಯೊಳಗೇ ಇರುತ್ತವೆ, ಚಾರ್ಜಿಗೆ ಹಾಕಿದ ಫೋನು ಆ ಗೋಣಿಯ ಮೇಲೇ ಇರುತ್ತದೆ. ಬೆಂಕಿ ಬಿದ್ದರೆ ಸುಡುವುದು ಫೋನು ಮಾತ್ರ ಅಲ್ಲ.

ಬದಲಿಗೆ ಕೊಟ್ಟ ಹೊಸ ಫೋನು ಸುರಕ್ಷಿತ ತಾನೆ?

ಸಾಮಾನ್ಯವಾಗಿ ಹೌದು. ನೋಟ್ 7 ವಿಷಯದಲ್ಲಿ ಮಾತ್ರ ಆ ನಂಬಿಕೆ ಕೈಕೊಟ್ಟಿತು. 2016ರ ಸೆಪ್ಟೆಂಬರ್ 2ರಂದು ಮೊದಲ ರೀಕಾಲ್ ಆಯಿತು, ಜನ ಕ್ಯೂ ನಿಂತು ಬದಲಾಯಿಸಿಕೊಂಡರು. ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಹೊರಡಲು ನಿಂತಿದ್ದ ವಿಮಾನದಲ್ಲಿ ಹಾಗೆ ಬದಲಾಯಿಸಿಕೊಂಡ ಫೋನೇ ಹೊಗೆಯಾಡಿ, ಪ್ರಯಾಣಿಕರನ್ನೆಲ್ಲ ಇಳಿಸಬೇಕಾಯಿತು. ಮರುವಾರ ಕಂಪನಿ ಆ ಮಾದರಿಯನ್ನೇ ನಿಲ್ಲಿಸಿತು. ಮೊದಲ ಸಲ ತಪ್ಪಿದ್ದದ್ದು ಒಬ್ಬ ತಯಾರಕರ ಬ್ಯಾಟರಿಯಲ್ಲಿ, ಎರಡನೇ ಸಲ ಬೇರೆಯವರ ಬ್ಯಾಟರಿಯಲ್ಲಿ, ಕಾರಣವೂ ಬೇರೆ.

ಭಾರತದಲ್ಲಿ ಆ ಫೋನಿನ ಮಾರಾಟ ಶುರುವಾಗಲೇ ಇಲ್ಲ. ಆದರೂ ವಿಮಾನದಲ್ಲಿ ಅದನ್ನು ಆನ್ ಮಾಡಬಾರದು, ಚಾರ್ಜ್ ಮಾಡಬಾರದು ಎಂದು ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಹೇಳಬೇಕಾಯಿತು. ಹೊರದೇಶದಿಂದ ತಂದವರು ಇದ್ದರಲ್ಲ.

ಹಿಂದೆ ನೋಕಿಯಾ ಬ್ಯಾಟರಿಯದ್ದೂ ದೊಡ್ಡ ಗಲಾಟೆ ಆಗಿತ್ತಲ್ವಾ?

ಆಗಿತ್ತು, 2007ರ ಆಗಸ್ಟಿನಲ್ಲಿ. ಬಿಎಲ್-5ಸಿ ಎಂಬ ಬ್ಯಾಟರಿ, ಟಾರ್ಚ್ ಇದ್ದ 1100 ಫೋನಿನಲ್ಲೂ ಅದೇ. 2005ರ ಡಿಸೆಂಬರಿನಿಂದ 2006ರ ನವೆಂಬರ್‌ವರೆಗೆ ಮತ್ಸುಶಿತಾ ಕಂಪನಿ ತಯಾರಿಸಿದ್ದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಆಗುವಾಗ ಬಿಸಿಯಾಗಬಹುದು, ಬೇಕಾದವರಿಗೆ ಬದಲಾಯಿಸಿ ಕೊಡುತ್ತೇವೆ ಎಂದು ನೋಕಿಯಾ ಹೇಳಿತು. ಪ್ರಪಂಚದಲ್ಲೆಲ್ಲ ಸೇರಿ ಆಗ ಗೊತ್ತಿದ್ದದ್ದು ನೂರರಷ್ಟು ಪ್ರಕರಣ, ಗಂಭೀರ ಗಾಯ ಯಾರಿಗೂ ಆಗಿರಲಿಲ್ಲ. ನಮ್ಮ ದೇಶದಲ್ಲಿ ಮಾತ್ರ ಫೋನು ಬಾಂಬಿನ ಹಾಗೆ ಸಿಡಿಯುತ್ತದೆ ಎಂಬ ಮಾತು ಹಬ್ಬಿ ಸರ್ವೀಸ್ ಸೆಂಟರುಗಳ ಮುಂದೆ ನೂಕುನುಗ್ಗಲಾಯಿತು. ಬ್ಯಾಟರಿಯ ಹಿಂದಿನ 26 ಅಕ್ಷರಗಳ ನಂಬರನ್ನು ತಾಳೆ ನೋಡಿದರೆ ಸಾಕಿತ್ತು, ಅಷ್ಟು ತಾಳ್ಮೆ ಬಹಳ ಜನಕ್ಕೆ ಇರಲಿಲ್ಲ.

ಇವತ್ತು ನಾನು ಕಾಣುವುದು ಅದರ ಉಲ್ಟಾ. ಸುದ್ದಿ ಬರುತ್ತದೆ, ಗ್ರೂಪಿಗೆ ಫಾರ್ವರ್ಡ್ ಆಗುತ್ತದೆ, ಯಾರೂ ತಮ್ಮ ಪವರ್ ಬ್ಯಾಂಕ್ ತಿರುಗಿಸಿ ನಂಬರ್ ಓದುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು 2007ರ ನೂಕುನುಗ್ಗಲನ್ನೇ ಆರಿಸುತ್ತೇನೆ.

ಹಳೆ ಫೋನು ತೋಟದ ಹುಡುಗನಿಗೆ ಕೊಟ್ಟು ವರ್ಷವಾಯ್ತು. ಈಗ ಅದಕ್ಕೆ ರೀಕಾಲ್ ಬಂದಿದೆ. ನನಗೇನು ಸಂಬಂಧ?

ಸಂಬಂಧ ಇರುವುದು ನಿಮಗೊಬ್ಬರಿಗೇ. ಕಂಪನಿಯ ಮೆಸೇಜು, ಇಮೇಲು ಏನಿದ್ದರೂ ಬರುವುದು ಕೊಂಡವರ ನಂಬರಿಗೆ. ಫೋನು ಅಲ್ಲಿಂದ ಹೊರಟು ಯಾವುದೋ ಕಾಲವಾಗಿರುತ್ತದೆ. ಮಾಲೀಕರಿಂದ ತೋಟದ ಲೆಕ್ಕ ಬರೆಯುವ ರೈಟರಿಗೆ, ರೈಟರಿಂದ ಲೈನ್ ಮನೆಗೆ, ಅಲ್ಲಿಂದ ಊರಿಗೆ ಹೋಗುವವನ ಬ್ಯಾಗಿನಲ್ಲಿ ಅಸ್ಸಾಮಿಗೋ ಬಂಗಾಳಕ್ಕೋ. ಬಳಸುತ್ತಿರುವವನಿಗೆ ರೀಕಾಲ್ ಎಂಬುದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಾದರೂ ನೋಟೀಸು ಇಂಗ್ಲಿಷಿನಲ್ಲಿ, ಬಿಲ್ಲು ನಿಮ್ಮ ಹೆಸರಿನಲ್ಲಿ.

ಅಪಾಯ ಹೆಚ್ಚಿರುವುದೂ ಅಲ್ಲೇ. ಲೈನ್ ಮನೆಯಲ್ಲಿ ಒಂದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಹಾಕಿ ಮೂರ್ನಾಲ್ಕು ಫೋನು ಒಟ್ಟಿಗೆ ಚಾರ್ಜಿಗಿಡುತ್ತಾರೆ, ಅದೂ ರಾತ್ರಿ, ಮಲಗುವ ಚಾಪೆಯ ಪಕ್ಕ. ಮಳೆಗಾಲದಲ್ಲಿ ಮೇಲೆ ಹಗ್ಗದಲ್ಲಿ ಬಟ್ಟೆ ಒಣಗುತ್ತಿರುತ್ತದೆ.

ಆದ್ದರಿಂದ ಮಾಡಬೇಕಾದ್ದು ಇಷ್ಟು. ಈಗಲೇ ಆತನಿಗೆ ಫೋನ್ ಮಾಡಿ, ಚಾರ್ಜ್ ಮಾಡಬೇಡ, ಆಫ್ ಮಾಡಿಡು ಎಂದು ಆತನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಹಿಂದಿ ಬಾರದಿದ್ದರೆ ಮೇಸ್ತ್ರಿ ಹತ್ತಿರ ಹೇಳಿಸಿ. ನಿಮ್ಮ ಬಿಲ್ಲು ಹುಡುಕಿ, ನಿಮ್ಮ ಹೆಸರಿನಲ್ಲೇ ವಾಪಸ್ ಕೊಡಿಸಿ. ಹಣ ಬಂದರೆ ಯಾರದು ಅಂತ ಒಬ್ಬರು ಕೇಳಿದರು. ಕೊಟ್ಟ ಮೇಲೆ ವಸ್ತು ಆತನದು, ಹಣವೂ ಆತನದೇ. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ.

ಇನ್ನೊಂದು ಜಾತಿಯವರಿದ್ದಾರೆ: ರೀಕಾಲ್ ಸುದ್ದಿ ಓದಿದ ಮೇಲೆಯೇ ಪವರ್ ಬ್ಯಾಂಕನ್ನು ಕೆಲಸದವರಿಗೆ ಕೊಟ್ಟು 'ಪಾಪ, ಇಟ್ಕೊಳ್ಳಲಿ' ಎನ್ನುವವರು. ಅಥವಾ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಮಾರುವವರು. ಅವರಿಗೆ ನಾನು ಮುಖದ ಮೇಲೇ ಹೇಳುತ್ತೇನೆ, ಇದು ದಾನವೂ ಅಲ್ಲ, ವ್ಯಾಪಾರವೂ ಅಲ್ಲ.

ನನ್ನದು ಪಟ್ಟಿಯಲ್ಲಿ ಇದೆಯಾ ಅಂತ ಹೇಗೆ ನೋಡೋದು?

ಬ್ರ್ಯಾಂಡಿನ ಹೆಸರು ಒಂದೇ ಆದರೆ ಸಾಲದು, ಮಾದರಿಯ ನಂಬರ್ ಬೇಕು. ಎಷ್ಟೋ ಸಲ ಸೀರಿಯಲ್ ನಂಬರೂ ಬೇಕು. ಪವರ್ ಬ್ಯಾಂಕಿನಲ್ಲಿ ಅದು ಇರುವೆಯಷ್ಟು ಅಕ್ಷರದಲ್ಲಿ ಇರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಫೋನಿಗಾದರೆ *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್, ಬರುತ್ತದೆ. ಆಮೇಲೆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ತಾಳೆ ನೋಡಿ, ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಿ ಅಲ್ಲ.

ಕಂಪನಿಯವರು ಅಂತ ಯಾರೋ ಫೋನ್ ಮಾಡಿ, ರೀಕಾಲ್ ಹಣ ಹಾಕ್ತೇವೆ ಓಟಿಪಿ ಹೇಳಿ ಅಂದ್ರು.

ಮೋಸ. ಫೋನ್ ಇಡಿ. ಹೇಳಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಿಲ್ ಕಳೆದುಹೋಗಿದೆ. ಮಿಲಿಟರಿ ಕ್ಯಾಂಟೀನಿನಲ್ಲಿ ತಗೊಂಡದ್ದು, ಅದೂ ಮಾವನ ಕಾರ್ಡಿನಲ್ಲಿ.

ಕೊಡಗಿನಲ್ಲಿ ಇದು ಮನೆಮನೆಯ ಕಥೆ. ಹೆದರಬೇಡಿ. ರೀಕಾಲ್ ಎಂದರೆ ವಾರಂಟಿ ಅಲ್ಲ. ಸುರಕ್ಷತೆಯ ಕಾರಣಕ್ಕೆ ಕರೆಸಿಕೊಳ್ಳುವಾಗ ಕಂಪನಿಗೆ ಬೇಕಾದದ್ದು ಆ ವಸ್ತು, ನೋಡುವುದು ಮುಖ್ಯವಾಗಿ ಸೀರಿಯಲ್ ನಂಬರನ್ನು. ವಾರಂಟಿ ಮುಗಿದಿದೆ ಎಂಬ ಕಾರಣ ಹೇಳಿದರೆ ಒಪ್ಪಬೇಡಿ. ಬಿಲ್ ಬೇಕೇ ಬೇಕು ಎಂದರೆ ಕಾರ್ಡ್ ಯಾರದೋ ಅವರನ್ನೇ ಕರೆದುಕೊಂಡು ಹೋಗಿ ಕ್ಯಾಂಟೀನಿನಲ್ಲಿ ಕೇಳಿ, ಖರೀದಿಯ ದಾಖಲೆ ಅವರ ಹೆಸರಿನಲ್ಲಿರುತ್ತದೆ.

ದುಬೈಯಿಂದ ಮಗ ತಂದ ಪವರ್ ಬ್ಯಾಂಕಿಗೆ ಇಲ್ಲಿ ಯಾರು ಜವಾಬ್ದಾರಿ?

ಇದು ಸ್ವಲ್ಪ ತಲೆನೋವಿನ ವಿಷಯ. ರೀಕಾಲ್ ಆಗುವುದು ದೇಶ ದೇಶಕ್ಕೆ ಬೇರೆ ಬೇರೆ. ಉದಾಹರಣೆಗೆ 2025ರ ಜೂನಿನಲ್ಲಿ ಆಂಕರ್ ಕಂಪನಿ ಎ1263 ಮಾದರಿಯ ಪವರ್ ಬ್ಯಾಂಕುಗಳನ್ನು ಅಮೆರಿಕದಲ್ಲಿ ಕರೆಸಿಕೊಂಡಿತು, ಅಲ್ಲೇ 11 ಲಕ್ಷಕ್ಕೂ ಹೆಚ್ಚು. ಅದೇ ತಿಂಗಳು ಚೀನಾದಲ್ಲಿ ರೊಮೊಸ್ ಕಂಪನಿ ಸುಮಾರು 4.9 ಲಕ್ಷ ಕರೆಸಿಕೊಂಡಿತು. ಸರಕು ಒಂದು ದೇಶದಲ್ಲಿ ಮಾರಾಟವಾಗಿ, ಸೂಟ್‌ಕೇಸಿನಲ್ಲಿ ಇನ್ನೊಂದು ದೇಶಕ್ಕೆ ಬಂದಿರುತ್ತದೆ. ಇಲ್ಲಿನ ಸರ್ವೀಸ್ ಸೆಂಟರಿನವರು ನಮಗೆ ಸಂಬಂಧವಿಲ್ಲ ಎನ್ನುವುದು ಹೆಚ್ಚು. ಮಗನ ಕೈಯಲ್ಲೇ, ಕೊಂಡ ದೇಶದ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿಸಿ.

ಒಂದು ತಪ್ಪು ಮಾತ್ರ ಮಾಡಬೇಡಿ: ಅವನು ವಾಪಸ್ ಹೋಗುವಾಗ 'ಅಲ್ಲೇ ಕೊಟ್ಟುಬಿಡು' ಎಂದು ಬ್ಯಾಗಿಗೆ ಹಾಕಿ ಕಳಿಸುವುದು. ರೀಕಾಲ್ ಆದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ಸರಿಯಿರುವ ಪವರ್ ಬ್ಯಾಂಕೂ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಮಾಡುವ ಪೆಟ್ಟಿಗೆಯಲ್ಲಿ ಅಲ್ಲ. ಎಮಿರೇಟ್ಸ್ ವಿಮಾನಗಳಲ್ಲಂತೂ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ, ಅದನ್ನೂ ವಿಮಾನದೊಳಗೆ ಬಳಸುವಂತಿಲ್ಲ. ಕಣ್ಣೂರಿನಿಂದ ಹತ್ತಲಿ, ಮಂಗಳೂರಿನಿಂದ ಹತ್ತಲಿ, ಟಿಕೆಟಿನ ಜೊತೆ ಬರುವ ನಿಯಮವನ್ನು ಒಮ್ಮೆ ಓದಿಕೊಳ್ಳಲಿ.

ಸರ್ವೀಸ್ ಸೆಂಟರ್ ಮೈಸೂರಿನಲ್ಲಿದೆ. ಪೋಸ್ಟಿನಲ್ಲಿ ಕಳಿಸಬಹುದಾ?

ಕಳಿಸಬೇಡಿ. ಕೆಟ್ಟ ಬ್ಯಾಟರಿಯನ್ನು ಅಂಚೆಗೆ, ಕೊರಿಯರಿಗೆ ಹಾಕುವುದು ಬೇರೆಯವರ ತಲೆಗೆ ಅಪಾಯ ಕಟ್ಟಿದ ಹಾಗೆ. ಒಳಗೇನಿದೆ ಅಂತ ಹೇಳದೆ ಕಳಿಸುವುದು ಇನ್ನೂ ಕೆಟ್ಟದ್ದು. ನೋಟ್ 7 ವಾಪಸ್ ತರಿಸಿಕೊಳ್ಳಲು ಅಮೆರಿಕದಲ್ಲಿ ಬೆಂಕಿ ತಡೆಯುವ ಒಳಪದರ ಇದ್ದ ವಿಶೇಷ ಪೆಟ್ಟಿಗೆಗಳನ್ನೇ ಗ್ರಾಹಕರಿಗೆ ಕಳಿಸಿದ್ದರು, ಜೊತೆಗೆ ಕೈಗವಸು ಕೂಡ. ವಿಮಾನದಲ್ಲಿ ಸಾಗಿಸಬಾರದು, ರಸ್ತೆಯ ಮೇಲೇ ಹೋಗಬೇಕು ಎಂದೂ ಇತ್ತು.

ಇಲ್ಲಿ ಜನರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಸಾವಿರ ರೂಪಾಯಿಯ ಪವರ್ ಬ್ಯಾಂಕ್ ಬದಲಾಯಿಸಲು ಯಾರು ಹೋಗುತ್ತಾರೆ? ತಪ್ಪು ಕಂಪನಿಯದು, ಖರ್ಚು ಗ್ರಾಹಕನದು. ರೀಕಾಲ್ ಸೋಲುವುದು ಬಹುಪಾಲು ಇಲ್ಲೇ, ಜನರ ಉದಾಸೀನದಿಂದಲ್ಲ. ಮನೆಯಿಂದಲೇ ತೆಗೆದುಕೊಂಡು ಹೋಗಿ ಎಂದು ಕಂಪನಿಗೆ ಬರಹದಲ್ಲಿ ಕೇಳಿ. ಕೆಲವು ರೀಕಾಲ್‌ಗಳಲ್ಲಿ ಗುರುತಿನ ನಂಬರ್ ಕಾಣುವ ಫೋಟೊ ಕಳಿಸಿದರೇ ಸಾಕು ಎನ್ನುತ್ತಾರೆ, ಅದನ್ನೂ ವಿಚಾರಿಸಿ.

ಅಲ್ಲಿಯವರೆಗೆ ಮನೆಯಲ್ಲಿ ಎಲ್ಲಿ ಇಡೋದು?

ಆಫ್ ಮಾಡಿ, ಮತ್ತೆ ಚಾರ್ಜ್ ಮಾಡದೆ, ಮನೆಯ ಹೊರಗೆ ಸಿಮೆಂಟ್ ನೆಲದ ಮೇಲೆ, ಮಳೆ ಬಿಸಿಲು ತಾಗದ ಜಾಗದಲ್ಲಿ. ಸೌದೆ ಕೊಟ್ಟಿಗೆ ಬೇಡ. ಕಾಫಿ ಕಣದಲ್ಲಿ ಬಿಸಿಲಿಗೆ ಬಿಡುವುದಂತೂ ಬೇಡವೇ ಬೇಡ. ಗಾಳಿಯಾಡದ ಡಬ್ಬಿಯಲ್ಲೂ ತುಂಬಿಡಬೇಡಿ.

ಫೋಟೊ, ವಾಟ್ಸಾಪ್ ಎಲ್ಲ ಹೋಗ್ತದಲ್ಲ?

ಬೇರೆ ಯಾವ ಕಾರಣಕ್ಕೂ ಹಟ ಮಾಡದವರು ಇಲ್ಲಿ ಹಟ ಮಾಡುತ್ತಾರೆ. ಮಗಳ ಮದುವೆಯ ಫೋಟೊ, ತೀರಿಹೋದವರ ದನಿ ಇರುವ ವಾಯ್ಸ್ ಮೆಸೇಜು ಅದರಲ್ಲಿರುತ್ತದೆ. ನಿಮ್ಮ ಎದುರೇ ಇಟ್ಟುಕೊಂಡು ಎಲ್ಲವನ್ನೂ ಬೇರೆ ಕಡೆಗೆ ನಕಲು ಮಾಡಿಸಿ. ಗೂಗಲ್ ಅಕೌಂಟಿನಿಂದ ಹೊರಬಂದು, ಪೂರ್ತಿ ಅಳಿಸಿ, ಸಿಮ್ಮು, ಮೆಮೊರಿ ಕಾರ್ಡು ತೆಗೆದು ಕೊಡಿ. ಫೋನು ಈಗಾಗಲೇ ಉಬ್ಬಿದ್ದರೆ ಅಥವಾ ಕೈ ಸುಡುವಷ್ಟು ಬಿಸಿಯಾಗುತ್ತಿದ್ದರೆ ಫೋಟೊ ಆಸೆ ಬಿಡಿ, ಆನ್ ಮಾಡಲು ಹೋಗಬೇಡಿ.

ಬ್ಯಾಟರಿ ಮಾತ್ರ ನಿಮ್ಮ ಹತ್ತಿರ ಬದಲಾಯಿಸಿದರೆ ಆಗಲ್ವಾ?

ನನಗೆ ನಾಲ್ಕು ಕಾಸು ಸಿಗುತ್ತದೆ, ಆದರೂ ಬೇಡ. ಬ್ಯಾಟರಿ ಬದಲಾದ ಮೇಲೆ ಕಂಪನಿ 'ಇದು ನಾವು ಕೊಟ್ಟ ಫೋನೇ ಅಲ್ಲ' ಎನ್ನಬಹುದು, ಆಗ ನಿಮ್ಮ ಹಕ್ಕು ಕೇಳುವುದು ಕಷ್ಟವಾಗುತ್ತದೆ.

ಚಾರ್ಜ್ ಮಾಡುವ ಟಾರ್ಚ್ ವಾಪಸ್ ಕೊಟ್ಟು ರಾತ್ರಿ ಆನೆ ಬಂದ್ರೆ ಏನ್ ಮಾಡೋದು?

ತಿತಿಮತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯವರು ಕೇಳುವ ಈ ಪ್ರಶ್ನೆಗೆ ಯಾವ ಕಂಪನಿಯ ನೋಟೀಸಿನಲ್ಲೂ ಉತ್ತರ ಇರುವುದಿಲ್ಲ. ಬೇರೆ ಟಾರ್ಚು ಕೈಗೆ ಬರುವವರೆಗೆ ಕಾವಲಿನವನನ್ನು ಬರಿಗೈಯಲ್ಲಿ ಕಳಿಸಿ ಎಂದು ನಾನಂತೂ ಹೇಳುವುದಿಲ್ಲ. ಒಣ ಸೆಲ್ ಹಾಕುವ ಹಳೆ ಟಾರ್ಚು ಒಂದನ್ನು ಕೊಡಿ, ಬೆಲೆಯೂ ಹೆಚ್ಚಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಕೊಂಡ ಹೆಸರಿಲ್ಲದ ಟಾರ್ಚು, ಚಾರ್ಜರು, ಪವರ್ ಬ್ಯಾಂಕುಗಳಿಗೆ ರೀಕಾಲ್ ಎಂಬುದೇ ಬರುವುದಿಲ್ಲ. ಕರೆಸಿಕೊಳ್ಳಲು ಕಂಪನಿ ಇದ್ದರೆ ತಾನೆ? ಸುದ್ದಿಯಲ್ಲಿ ಬಂದ ದೊಡ್ಡ ಕಂಪನಿಯನ್ನು ಬೈದು, ಜೇಬಿನಲ್ಲಿ ಹೆಸರಿಲ್ಲದ ಪವರ್ ಬ್ಯಾಂಕ್ ಇಟ್ಟುಕೊಂಡವರನ್ನು ಬಹಳ ನೋಡಿದ್ದೇನೆ. ಪವರ್ ಬ್ಯಾಂಕು, ಮೊಬೈಲು, ಅಡಾಪ್ಟರುಗಳಿಗೆ ನಮ್ಮ ದೇಶದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಬಿಐಎಸ್ ಗುರುತಿನ ಕೆಳಗೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಅಚ್ಚಿನಲ್ಲಿ ನಂಬರ್ ಇದ್ದು ಆ್ಯಪಿನಲ್ಲಿ ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮಳೆಗಾಲದಲ್ಲಿ ಫೋನು ಜಾಸ್ತಿ ಬಿಸಿಯಾಗುತ್ತೆ, ನಿಜವಾ?

ಮಳೆಯಿಂದಲ್ಲ, ನಾವು ಬಳಸುವ ರೀತಿಯಿಂದ. ಸಿಗ್ನಲ್ ಸಿಗದ ಕಡೆ ಫೋನು ಟವರ್ ಹುಡುಕುತ್ತಾ ತಾನೇ ಕಾಯುತ್ತದೆ. ಮರ ಬಿದ್ದು ದಿನಗಟ್ಟಲೆ ಹೋದ ಕರೆಂಟು ಬಂದ ಕೂಡಲೇ ಮನೆಯ ಫೋನು, ಪವರ್ ಬ್ಯಾಂಕು, ಟಾರ್ಚು, ಎಮರ್ಜೆನ್ಸಿ ಲೈಟು ಎಲ್ಲವನ್ನೂ ಒಂದೇ ಬೋರ್ಡಿಗೆ ಸಿಕ್ಕಿಸುತ್ತೇವೆ. ಆಗ ವೋಲ್ಟೇಜೂ ಒಂದೇ ಸಮ ಇರುವುದಿಲ್ಲ. ಕರೆಂಟ್ ಬಂದ ಮೇಲೆ ಸ್ವಲ್ಪ ಹೊತ್ತು ತಡೆದು, ಒಂದೊಂದಾಗಿ ಹಾಕಿ. ನೆನೆದ ಫೋನನ್ನು ಒಲೆಯ ದಂಡೆಯ ಮೇಲೆ ಒಣಗಿಸುವುದನ್ನು ದಯವಿಟ್ಟು ಬಿಡಿ. ಚಾರ್ಜ್ ಆಗುವಾಗ ಸ್ವಲ್ಪ ಬೆಚ್ಚಗಾಗುವುದು ಸಹಜ. ಮುಟ್ಟಲಾಗದಷ್ಟು ಬಿಸಿ, ಹಿಂದಿನ ಮುಚ್ಚಳ ಮೇಲೆದ್ದಿರುವುದು, ವಿಚಿತ್ರ ವಾಸನೆ, ಇವು ಸಹಜ ಅಲ್ಲ.

ಎಲೆಕ್ಟ್ರಿಕ್ ಸ್ಕೂಟರಿಗೂ ರೀಕಾಲ್ ಇದೆಯಾ?

ಇದೆ. 2022ರಲ್ಲಿ ಸಾಲು ಸಾಲಾಗಿ ಸ್ಕೂಟರುಗಳು ಹೊತ್ತಿಕೊಂಡಾಗ, ಏಪ್ರಿಲಿನಲ್ಲಿ ಓಲಾ 1,441 ಮತ್ತು ಒಕಿನಾವಾ 3,215 ಸ್ಕೂಟರುಗಳನ್ನು ತಪಾಸಣೆಗೆ ಕರೆಸಿಕೊಂಡವು. ಆಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮವನ್ನು ಬಿಗಿ ಮಾಡಿತು. ನಮ್ಮ ಘಾಟಿ ರಸ್ತೆಗೆ ಒಂದು ಮಾತು: ಏರು ಹತ್ತಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತಣಿಯಲಿ.

ಹೋಂಸ್ಟೇಗೆ ಬಂದ ಗೆಸ್ಟುಗಳ ಪವರ್ ಬ್ಯಾಂಕನ್ನು ನಾವು ಹೇಗೆ ತಡೆಯೋದು?

ತಡೆಯಲು ಆಗುವುದಿಲ್ಲ. ಚಾರ್ಜಿಂಗಿಗೆ ಹಾಸಿಗೆಯಿಂದ ದೂರದಲ್ಲಿ ಕಲ್ಲಿನ ಅಥವಾ ಟೈಲ್ಸಿನ ಕಟ್ಟೆ ಇರುವ ಜಾಗ ಮಾಡಿಕೊಡಿ. ಮರೆತು ಬಿಟ್ಟುಹೋದ ಪವರ್ ಬ್ಯಾಂಕುಗಳನ್ನು ಡ್ರಾಯರಿನಲ್ಲಿ ಕೂಡಿಟ್ಟು, ಮುಂದಿನ ಗೆಸ್ಟಿಗೆ ಕೊಡುವ ಅಭ್ಯಾಸ ಕೆಲವರಿಗಿದೆ. ಅದು ಬೇಡ.

ನಿಜವಾಗಿಯೂ ಬೆಂಕಿ ಹತ್ತಿದರೆ?

ಮೊದಲು ಜನ ಹೊರಗೆ. ಪ್ಲಗ್ಗಿನಲ್ಲಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ. ಫೋನು, ಪವರ್ ಬ್ಯಾಂಕಿನಷ್ಟು ಚಿಕ್ಕದಾದರೆ ದೂರದಿಂದ ಬೇಕಾದಷ್ಟು ನೀರು ಸುರಿಯಿರಿ. ಉರಿ ಆರಿದ ಮೇಲೂ ನೀರು ನಿಲ್ಲಿಸಬೇಡಿ, ತಣಿಯದಿದ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಕೈಯಲ್ಲಿ ಎತ್ತಿ ಎಸೆಯಲು ಹೋಗಬೇಡಿ, ಕಂಬಳಿ ಸುತ್ತಬೇಡಿ, ಹೊಗೆ ಕುಡಿಯಬೇಡಿ, ಅದು ವಿಷ. ಸ್ಕೂಟರ್ ಆದರೆ ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ, ದೂರ ಹೋಗಿ 112ಕ್ಕೆ ಕರೆ ಮಾಡಿ.

ಕಂಪನಿ ಒಪ್ಪದಿದ್ದರೆ ಎಲ್ಲಿ ದೂರು ಕೊಡೋದು?

ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಆಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆಯ ಪ್ರಕಾರ ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಸುಟ್ಟ ವಸ್ತುವನ್ನು ಎಸೆಯದೆ ಹೊರಗೆ ಇಟ್ಟುಕೊಳ್ಳಿ, ಫೋಟೊ ತೆಗೆಯಿರಿ, ಆಸ್ಪತ್ರೆ ಚೀಟಿ ಇದ್ದರೆ ಜೋಡಿಸಿ.

ತಯಾರಿಸಿದವರು ಯಾರೆಂದೇ ತಿಳಿಯದಿದ್ದರೆ ಆ ಕಾಯ್ದೆಯಲ್ಲಿ ಮಾರಿದವರನ್ನೇ ಹೊಣೆ ಮಾಡಲು ದಾರಿಯಿದೆ. ಅದಕ್ಕೇ ನೂರು ರೂಪಾಯಿಯ ಚಾರ್ಜರಿಗೂ ಬಿಲ್ ಕೇಳಿ. ಕೊಡುವುದಿಲ್ಲ ಎನ್ನುವುದು ಕೂಡ ಕಾನೂನಿನ ಪ್ರಕಾರ ಅನುಚಿತ ವ್ಯಾಪಾರ. ಅಪಾಯಕಾರಿ ಸರಕನ್ನು ವಾಪಸ್ ಕರೆಸಿ ಹಣ ಕೊಡಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಇದೆ. 2022ರಲ್ಲಿ ಗುಣಮಟ್ಟದ ಗುರುತಿಲ್ಲದ ಪ್ರೆಷರ್ ಕುಕ್ಕರುಗಳ ವಿಷಯದಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಅದು ಹೀಗೆಯೇ ಆದೇಶ ಕೊಟ್ಟಿತ್ತು.

ಉಬ್ಬಿದ ಹಳೆ ಬ್ಯಾಟರಿಗಳು ಮನೆಯಲ್ಲಿ ಬಿದ್ದಿವೆ. ತೋಟದ ಗುಂಡಿಗೆ ಹಾಕಿ ಸುಡಬಹುದಾ?

ಸುಡಬೇಡಿ, ಹೂಳಬೇಡಿ, ಚುಚ್ಚಿ ಗಾಳಿ ತೆಗೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸುವುದು ತಯಾರಕರ ಜವಾಬ್ದಾರಿ. ಎರಡೂ ತುದಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಇಟ್ಟು, ಆ ಬ್ರ್ಯಾಂಡಿನ ಸರ್ವೀಸ್ ಸೆಂಟರಿಗೆ ಹೋಗುವಾಗ ಒಯ್ಯಿರಿ. ಪಂಚಾಯ್ತಿಯ ಕಸದ ಗಾಡಿಗೆ ಹಸಿಕಸದ ಜೊತೆ ಸೇರಿಸಿ ಹಾಕಬೇಡಿ, ಗಾಡಿಯೊಳಗೆ ಒತ್ತಿ ತುಂಬುವಾಗ ಬೆಂಕಿ ಹತ್ತಬಹುದು.